ತೊಂಬತ್ತು ದಿನ ಮತ್ತು ಅಮ್ಮನ ಡಿಸ್ಕುಗಳು

ತೊಂಬತ್ತು ದಿನ. ಈ ಲೆಕ್ಕ ಸ್ವಲ್ಪ ನೆನಪಿಟ್ಟುಕೊಳ್ಳಿ.

ನಾವು ನ್ಯೂಸ್ ಚಾನೆಲ್‌ನವರು ದಿನದ ಇಪ್ಪತ್ತನಾಲ್ಕು ಗಂಟೆ ನಿಮ್ಮ ಮನೆಯ ಹಾಲಿನಲ್ಲಿ ಕೂತು ಮಾತಾಡ್ತೀವಲ್ಲ, ಆ ಮಾತಿನ ಆಯಸ್ಸು ಎಷ್ಟು ಗೊತ್ತಾ? ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ನಿಯಮ ಇದೆ. ಪ್ರಸಾರ ಮಾಡಿದ್ದನ್ನೆಲ್ಲ ತೊಂಬತ್ತು ದಿನ ರೆಕಾರ್ಡ್ ಇಟ್ಟುಕೊಂಡಿರಬೇಕು. ಯಾರಾದರೂ ದೂರು ಕೊಟ್ಟರೆ ತೋರಿಸಬೇಕಲ್ಲ, ಅದಕ್ಕೆ. ತೊಂಬತ್ತೊಂದನೇ ದಿನ? ಇಟ್ಟರೆ ಇಡಿ, ಅಳಿಸಿದರೆ ಅಳಿಸಿ. ಕೇಳುವವರಿಲ್ಲ.

2008ರಲ್ಲಿ ನಾನು ಮೊದಲ ಸಲ ಕ್ಯಾಮೆರಾ ಎದುರು ಕೂತು ಬುಲೆಟಿನ್ ಓದಿದೆ. ಕೈ ನಡುಗುತ್ತಿತ್ತು, ಕೋಟು ಬೇರೆಯವರದ್ದು. ಆ ಬುಲೆಟಿನ್ ಈಗ ಬೇಕು ಅಂತ ಎರಡು ವರ್ಷದ ಹಿಂದೆ ಹುಡುಕಿದೆ. ಓದಿದ ಚಾನೆಲ್‌ನಲ್ಲಿ ಇಲ್ಲ. ಸರ್ವರ್ ತುಂಬಿತ್ತು, ತೆಗೆದೆವು ಅಂದರು. ತಪ್ಪು ಅಂತ ಹೇಳಲಾರೆ, ಎಲ್ಲ ಕಡೆ ನಡೆಯೋದು ಅದೇ. ಬುಲೆಟಿನ್ ಸಿಕ್ಕಿದ್ದು ಎಲ್ಲಿ ಗೊತ್ತಾ? ಬೈಕಂಪಾಡಿಯ ನಮ್ಮ ಮನೆಯ ಅಟ್ಟದಲ್ಲಿ, ಬಿಸ್ಕೆಟ್ ಡಬ್ಬದೊಳಗೆ.

ಮಂಗಳೂರಿನಿಂದ ಉಡುಪಿ ಕಡೆ ಹೊರಟರೆ ಕೂಳೂರು ಸೇತುವೆ, ಪಣಂಬೂರು, ಆಮೇಲೆ ಬೈಕಂಪಾಡಿ. ಎಡಕ್ಕೆ ಸಮುದ್ರ, ಬಲಕ್ಕೆ ಕೈಗಾರಿಕಾ ಪ್ರದೇಶ, ನಡುವೆ ಹೆದ್ದಾರಿಯಲ್ಲಿ ಹಗಲು ರಾತ್ರಿ ಲಾರಿ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ನವಮಂಗಳೂರು ಬಂದರನ್ನು ಉದ್ಘಾಟನೆ ಮಾಡಿದರು, ಅಪ್ಪ ಆ ಬಂದರಿನಲ್ಲೇ ಕೆಲಸಕ್ಕೆ ಸೇರಿದರು. ಆ ಕಡೆಯ ಮನೆಗಳ ಕಥೆ ನಿಮಗೆ ಗೊತ್ತಿರೋದೇ. ಒಬ್ಬ ಮಗ ಬಂದರಿನಲ್ಲಿ, ಒಬ್ಬ ಮುಂಬಯಿ ಹೋಟೆಲಿನಲ್ಲಿ, ಮಗಳನ್ನು ಕೊಟ್ಟದ್ದು ಗಲ್ಫಿಗೆ. ನಮ್ಮ ಅಕ್ಕನನ್ನು ಕೊಟ್ಟದ್ದು ಮಸ್ಕತ್ತಿಗೆ.

ಹಂಚು ತೆಗೆದು ಶೀಟ್ ಹಾಕಿಸೋಣ ಅಂತ ಅಟ್ಟ ಖಾಲಿ ಮಾಡುವಾಗ ಎರಡು ಡಬ್ಬ ಇಳಿದವು. ಒಂದರಲ್ಲಿ ವಿಎಚ್‌ಎಸ್ ಕ್ಯಾಸೆಟ್, ಇನ್ನೊಂದರಲ್ಲಿ ಡಿಸ್ಕು. ಪ್ರತಿ ಡಿಸ್ಕಿನ ಮೇಲೆ ಮಾರ್ಕರ್‌ನಲ್ಲಿ ಅಮ್ಮನ ಅಕ್ಷರ: ತಾರೀಕು, ಕೆಳಗೆ "ತಮ್ಮ, ರಾತ್ರಿ 9." ಅಕ್ಕನಿಗೆ ಕಳಿಸಲು ಮಾಡಿದ್ದು ಅಲ್ವಾ, ಅಕ್ಕನ ಲೆಕ್ಕದಲ್ಲಿ ನಾನು ತಮ್ಮ. ಒಂದು ಕಾಪಿ ಮಸ್ಕತ್ತಿಗೆ, ಒಂದು ಮುಂಬಯಿಯ ಮಾವನಿಗೆ, ಒಂದು ಡಬ್ಬಕ್ಕೆ. ನನಗೆ ಅಂತ ಒಂದೂ ಇಲ್ಲ!

ನಾನು ಪತ್ರಕರ್ತ. ದೇಶದ ಇತಿಹಾಸ, ರಾಜ್ಯದ ಇತಿಹಾಸ ಅಂತ ದಿನಾ ಡಿಬೇಟ್ ಮಾಡಿಸ್ತೀನಿ. ಟಿವಿಯ ಇತಿಹಾಸವನ್ನು ಕಾಪಾಡಿದ್ದು ಯಾರು ಅಂತ ಅವತ್ತು ಆ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದೆ. ಇದನ್ನು ಬುಡದಿಂದ ಹೇಳಬೇಕು.

ನಮ್ಮ ದೇಶಕ್ಕೆ ಬಣ್ಣದ ಟಿವಿ ಬಂದದ್ದು 1982ರಲ್ಲಿ, ಏಷ್ಯನ್ ಗೇಮ್ಸ್ ವರ್ಷ. ಅದೇ ಹೊತ್ತಿಗೆ ವಿಸಿಆರ್ ಕೂಡ ಬಂತು. ಜಪಾನಿನಲ್ಲಿ ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಹುಟ್ಟಿದ್ದವು. ಬೆಂಗಳೂರಿನ ಶ್ರೀಮಂತರ ಮನೆಗೂ ಬರುವ ಮೊದಲು ನಮ್ಮ ಕರಾವಳಿಯ ಸಾಧಾರಣ ಮನೆಗಳಿಗೆ ವಿಸಿಆರ್ ಬಂದಿತ್ತು ಅಂದರೆ ನಂಬಿ. ಗಲ್ಫಿನಿಂದ ರಜೆಗೆ ಬರುವವರು ಹೊತ್ತು ತರುವ ಸಾಮಾನಿನಲ್ಲಿ ಸೆಂಟು, ಟ್ಯಾಂಗ್ ಪುಡಿ, ಕಂಬಳಿ ಜೊತೆ ಇದೂ ಒಂದು. ನಮ್ಮ ಮನೆಗೆ ಭಾವ ತಂದದ್ದು 1988ರಲ್ಲಿ. ಮುಂಬಯಿಯಲ್ಲಿ ಇಳಿದು, ಕಸ್ಟಮ್ಸ್ ಕಟ್ಟಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದರು. ಬಜ್ಪೆಯಿಂದ ನೇರ ದುಬೈಗೆ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಯವರೆಗೆ ಗಲ್ಫ್ ಅಂದರೆ ಮುಂಬಯಿ ದಾರಿಯೇ ಹೆಚ್ಚು.

ಆಗ ಊರಿಗೆಲ್ಲ ರಾಮಾಯಣದ ಹುಚ್ಚು. 1987ರ ಜನವರಿ 25ಕ್ಕೆ ಶುರುವಾಗಿ 1988ರ ಜುಲೈ ಕೊನೆಯವರೆಗೆ ಭಾನುವಾರ ಬೆಳಿಗ್ಗೆ ಹೆದ್ದಾರಿಯಲ್ಲೂ ಲಾರಿ ಕಡಿಮೆ! ಆಮೇಲೆ ಮಹಾಭಾರತ, 94 ಕಂತು. ಇದನ್ನೆಲ್ಲ ಮಸ್ಕತ್ತಿನಲ್ಲಿ ಕೂತ ಅಕ್ಕ ಹೇಗೆ ನೋಡಬೇಕು? ಅಮ್ಮ ರೆಕಾರ್ಡ್ ಮಾಡುತ್ತಿದ್ದರು. ಒಂದು ಇ-180 ಕ್ಯಾಸೆಟ್ಟಿಗೆ ಮೂರು ಗಂಟೆ. ಜಾಹೀರಾತು ಬಂದ ಕೂಡಲೇ ಪಾಸ್ ಒತ್ತುವುದು, ಮುಗಿದ ಕೂಡಲೇ ಬಿಡುವುದು, ಅದು ನನ್ನ ಡ್ಯೂಟಿ. ಈಗ ಆ ಕ್ಯಾಸೆಟ್ ನೋಡಿದರೆ ಬೇಕೆನಿಸುವುದು ಆ ಜಾಹೀರಾತುಗಳೇ, ಅದು ಬೇರೆ ವಿಷಯ. ಕರೆಂಟು ಹೋದರೆ ವಿಸಿಆರ್‌ನ ಗಡಿಯಾರ ಸೊನ್ನೆಗೆ ಬಂದು ಮಿಣುಕುತ್ತಾ ಕೂರುತ್ತಿತ್ತು, ಟೈಮರ್ ಹಾಕಿಟ್ಟ ಕಂತು ಹೋಯಿತು ಅಂತಲೇ. ಊರಿಗೆ ಬಂದವರು ಹಿಂದಿರುಗುವಾಗ ಹಲಸಿನ ಹಪ್ಪಳ, ಒಣಮೀನು, ಉಪ್ಪಿನಕಾಯಿ ನಡುವೆ ಕ್ಯಾಸೆಟ್ ಹೋಗುತ್ತಿತ್ತು. ಗಲ್ಫಿನ ಕೆಲವು ವಿಮಾನ ನಿಲ್ದಾಣಗಳಲ್ಲಿ ಅದನ್ನು ತೆಗೆದಿಟ್ಟುಕೊಂಡು, ಏನಿದೆ ಅಂತ ನೋಡಿ, ಆಮೇಲೆ ಕೊಡುತ್ತಿದ್ದರು. ಅಲ್ಲಿಯ ಅಧಿಕಾರಿಗಳು ಎಷ್ಟು ಕೌರವರನ್ನು ನೋಡಿದ್ದಾರೋ!

ಇನ್ನೊಂದು ವಿಷಯ. ಭಾರತ, ಒಮಾನ್, ದುಬೈ ಎಲ್ಲ ಕಡೆ ಟಿವಿ ಪದ್ಧತಿ ಪಾಲ್. ಹಾಗಾಗಿ ಬೈಕಂಪಾಡಿಯ ಕ್ಯಾಸೆಟ್ ಮಸ್ಕತ್ತಿನಲ್ಲಿ ಹಾಗೇ ಓಡುತ್ತಿತ್ತು. ಅಮೆರಿಕದಲ್ಲಿ ಎನ್‌ಟಿಎಸ್‌ಸಿ. ಅಲ್ಲಿಗೆ ಮಗಳನ್ನು ಕೊಟ್ಟವರು ಕ್ಯಾಸೆಟ್ ಕಳಿಸಿದರೆ ಪರದೆ ಮೇಲೆ ಬರೀ ಗೆರೆ. ದುಡ್ಡು ಕೊಟ್ಟು ಕನ್ವರ್ಟ್ ಮಾಡಿಸಬೇಕಿತ್ತು.

ನಮ್ಮ ವೃತ್ತಿಯವರು ಮರೆತಿರುವ ಒಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡ್ತೀನಿ. ಭಾರತದಲ್ಲಿ ಖಾಸಗಿ ಟಿವಿ ಸುದ್ದಿ ಶುರುವಾದದ್ದು ಉಪಗ್ರಹದಿಂದ ಅಲ್ಲ, ಇದೇ ಕ್ಯಾಸೆಟ್ಟಿನಿಂದ. 1988ರಲ್ಲಿ ಇಂಡಿಯಾ ಟುಡೇ ಬಳಗ 'ನ್ಯೂಸ್‌ಟ್ರ್ಯಾಕ್' ಅಂತ ವಿಡಿಯೋ ಮ್ಯಾಗಜಿನ್ ತಂದಿತು, ಮಧು ಟ್ರೆಹಾನ್ ಅದರ ಹಿಂದಿದ್ದವರು. ತಿಂಗಳಿಗೊಂದು ಕ್ಯಾಸೆಟ್, ಲೈಬ್ರರಿಯಿಂದ ಬಾಡಿಗೆಗೆ ತಂದು ಸುದ್ದಿ ನೋಡುವುದು. ದೂರದರ್ಶನ ತೋರಿಸದ್ದನ್ನು ಅದರಲ್ಲಿ ನೋಡಬಹುದಿತ್ತು. ಅಂದರೆ ನಮ್ಮ ಕುಲದ ಮೂಲಪುರುಷ ವಿಎಚ್‌ಎಸ್ ಕ್ಯಾಸೆಟ್. ಸುದ್ದಿಯೂ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲ ಅದು.

ಈಗ ನನ್ನ ಅಪರಾಧಕ್ಕೆ ಬರೋಣ.

ಅಪ್ಪ ಬಂದರಿನಲ್ಲಿ ಕೂಲಿ ಲೆಕ್ಕದವರು, ಸಂಜೆಯಾದರೆ ಮದ್ದಳೆಗಾರರು. ಮೇಳದವರಲ್ಲ, ಹವ್ಯಾಸಿ ತಂಡ. ಕುಳಾಯಿ, ಹೊನ್ನಕಟ್ಟೆ, ಚಿತ್ರಾಪುರ, ಸುರತ್ಕಲ್ ಸುತ್ತಿನ ಆಟ, ತಾಳಮದ್ದಳೆ ಎಲ್ಲಿದ್ದರೂ ಹೋಗುವವರು. 1990ರಲ್ಲಿ ಅವರ ತಂಡಕ್ಕೆ ಬೆಂಗಳೂರು ದೂರದರ್ಶನದಲ್ಲಿ ಅರ್ಧ ಗಂಟೆ ಯಕ್ಷಗಾನ ಆಡುವ ಅವಕಾಶ ಸಿಕ್ಕಿತು. ಗದಾಯುದ್ಧ. ಇಡೀ ರಾತ್ರಿಯ ಆಟವನ್ನು ಅರ್ಧ ಗಂಟೆಗೆ ಇಳಿಸುವುದು ಅಂದರೆ ದುರ್ಯೋಧನ ಕೊಳಕ್ಕೆ ಇಳಿದು ಮೇಲೆ ಬರುವಷ್ಟರಲ್ಲಿ ಮುಗಿಯಿತು ಅಂತಲೇ! ಕ್ಯಾಮೆರಾ ವೇಷದ ಮೇಲೆಯೇ. ಹಿಮ್ಮೇಳ ಹಿಂದೆ. ಅಪ್ಪ ಕಂಡದ್ದು ಎರಡೇ ಸಲ, ಒಟ್ಟು ಒಂದು ನಿಮಿಷ ಇರಬಹುದು. ಮನೆಯ ಅಂಗಳದಲ್ಲಿ ನಲವತ್ತು ಜನ. ಅಪ್ಪ ಮಾತ್ರ ಹಿಂದಿನ ಬಾಗಿಲ ಹತ್ತಿರ ನಿಂತು, "ಪೆಟ್ಟು ಒಂದು ತಪ್ಪಿದೆ" ಅಂದರು.

ಆ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಂಡನ್ನು ಅಪ್ಪ ಚಾಕುವಿನಿಂದ ಮುರಿದರು. ಅದು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಆದರೆ ಆ ತೂತಿಗೆ ಗಮ್ ಟೇಪ್ ಅಂಟಿಸಿದರೆ ಆಗುತ್ತದೆ. ಇದು ಎಲ್ಲ ಹುಡುಗರಿಗೂ ಗೊತ್ತಿತ್ತು.

1996ರ ಮಾರ್ಚ್ 9. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ, ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ-ಪಾಕಿಸ್ತಾನ. ನಾನು ಪಿಯುಸಿ. ಜಡೇಜಾ 25 ಬಾಲಿಗೆ 45 ಹೊಡೆಯುತ್ತಿದ್ದ, ಮನೆಯಲ್ಲಿ ಖಾಲಿ ಕ್ಯಾಸೆಟ್ ಇಲ್ಲ. ಕೈಗೆ ಸಿಕ್ಕಿದ್ದಕ್ಕೆ ಗಮ್ ಟೇಪ್ ಅಂಟಿಸಿದೆ, ಒಳಗೆ ತಳ್ಳಿದೆ. ವೆಂಕಟೇಶ ಪ್ರಸಾದ್ ಆಮಿರ್ ಸೊಹೈಲ್‌ನ ಸ್ಟಂಪ್ ಎಬ್ಬಿಸಿದ್ದು ನಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಸರಿಯಾಗಿ ಬಂದಿದೆ. ಅದರ ಕೆಳಗೆ ಅಪ್ಪನ ಗದಾಯುದ್ಧ ಇತ್ತು.

ಒಂದು ವಾರ ಬಿಟ್ಟು ಗೊತ್ತಾಯಿತು. ಅಪ್ಪ ಬಯ್ಯಲಿಲ್ಲ. ಕ್ಯಾಸೆಟ್ಟನ್ನು ತಿರುಗಿಸಿ ಆ ಗಮ್ ಟೇಪನ್ನು ನೋಡಿದರು, ಹಾಗೇ ಇಟ್ಟರು, ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು ಸ್ವಾಮಿ.

ನಾನೊಬ್ಬನೇ ಅಲ್ಲ ಅನ್ನೋದು ಸಮಾಧಾನವಲ್ಲ, ಆದರೂ ಕೇಳಿ. ಆ ಕಾಲದಲ್ಲಿ ಟೇಪಿನ ಬೆಲೆ ಹೆಚ್ಚು, ಹಾಗಾಗಿ ನಮ್ಮ ದೂರದರ್ಶನ ಎಷ್ಟೋ ಹಳೆ ಕಾರ್ಯಕ್ರಮಗಳ ಮೇಲೆಯೇ ಹೊಸದನ್ನು ರೆಕಾರ್ಡ್ ಮಾಡಿತು. ಅಷ್ಟು ದೊಡ್ಡ ಬಿಬಿಸಿಯೂ ಅದನ್ನೇ ಮಾಡಿತು. ಅವರ 'ಡಾಕ್ಟರ್ ಹೂ' ಧಾರಾವಾಹಿಯ ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಇಲ್ಲ. ಧ್ವನಿ ಮಾತ್ರ ಇದೆ, ಯಾಕೆ ಅಂದರೆ ಕೆಲವು ಹುಡುಗರು ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದರು! ಇನ್ನು ನಾಸಾ. 1969ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟನಲ್ಲ, ಅದರ ಚಿತ್ರ ಮೊದಲು ಬಂದು ಬಿದ್ದ ಮೂಲ ಟೇಪುಗಳು ಬಹುಶಃ ಅಳಿಸಿಹೋಗಿ ಮತ್ತೆ ಬಳಕೆಯಾಗಿವೆ ಅಂತ 2009ರಲ್ಲಿ ಅವರೇ ಒಪ್ಪಿಕೊಂಡರು. ಈಗ ನಾವು ನೋಡುವ ಚಿತ್ರ ಟಿವಿ ಕೇಂದ್ರಗಳಲ್ಲಿ ಉಳಿದ ಕಾಪಿಗಳಿಂದ ಸರಿಮಾಡಿದ್ದು. ಚಂದ್ರನದ್ದೇ ಹೀಗಾದರೆ ಬೈಕಂಪಾಡಿಯ ಮದ್ದಳೆಯದ್ದು ಏನು ಹೇಳೋದು!

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮರಿಯನ್ ಸ್ಟೋಕ್ಸ್ ಅಂತ ಒಬ್ಬ ಮಹಿಳೆ ಇದ್ದರು. ಹಿಂದೆ ಲೈಬ್ರೇರಿಯನ್ ಆಗಿದ್ದವರು. 1979ರಲ್ಲಿ ಇರಾನಿನಲ್ಲಿ ಅಮೆರಿಕದವರನ್ನು ಒತ್ತೆಯಾಗಿ ಹಿಡಿದ ಸುದ್ದಿ ಬಂದಾಗ ಟಿವಿ ಸುದ್ದಿಯನ್ನು ರೆಕಾರ್ಡ್ ಮಾಡಲು ಕೂತವರು, 2012ರ ಡಿಸೆಂಬರ್‌ನಲ್ಲಿ ಸಾಯುವವರೆಗೆ ನಿಲ್ಲಿಸಲಿಲ್ಲ. ಹಗಲು ರಾತ್ರಿ, ಒಟ್ಟೊಟ್ಟಿಗೆ ಹಲವು ವಿಸಿಆರ್. ಊಟಕ್ಕೆ ಹೊರಗೆ ಹೋದರೂ ಕ್ಯಾಸೆಟ್ ಬದಲಿಸುವ ಹೊತ್ತಿಗೆ ಓಡಿ ಬರಬೇಕು. ಸುಮಾರು 70 ಸಾವಿರ ಕ್ಯಾಸೆಟ್! ಹುಚ್ಚು ಅಂದವರಿದ್ದರು. ಈಗ ಅಷ್ಟನ್ನೂ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಜೋಪಾನ ಮಾಡಿದೆ. ಚಾನೆಲ್‌ಗಳ ಬಳಿ ಇಲ್ಲದ ಸುದ್ದಿ ಆ ಅಜ್ಜಿಯ ಮನೆಯಲ್ಲಿತ್ತು. ನನ್ನ ಅಮ್ಮನಿಗೆ ಈ ಕಥೆ ಹೇಳಿದೆ. "ಅಷ್ಟು ಇಡ್ಲಿಕ್ಕೆ ಜಾಗ ಎಲ್ಲಿತ್ತು ಅವರಿಗೆ?" ಅಂತ ಕೇಳಿದರು.

ಅಪ್ಪ 2001ರಲ್ಲಿ ತೀರಿಕೊಂಡರು. ಬೊಜ್ಜದ ಮರುದಿನ ಅಕ್ಕನ ಹತ್ತಿರ ಐದು ವರ್ಷದಿಂದ ಹೊಟ್ಟೆಯಲ್ಲಿಟ್ಟದ್ದನ್ನು ಹೇಳಿಬಿಟ್ಟೆ, ಗದಾಯುದ್ಧದ ಮೇಲೆ ಕ್ರಿಕೆಟ್ ಹಾಕಿದ್ದು ನಾನು ಅಂತ. ಅಕ್ಕ ಕಣ್ಣೊರೆಸಿಕೊಂಡು, "ಎಂತ ಮಾರಾಯ ನೀನು, ಅದು ನನ್ನ ಹತ್ರ ಉಂಟಲ್ಲ" ಅಂದಳು.

1992ರಲ್ಲಿ ರಜೆಗೆ ಬಂದಾಗ ಎರಡು ವಿಸಿಆರ್ ಜೋಡಿಸಿ ಮಾಡಿದ ಕಾಪಿ. ನಾನು ಶಾಲೆಗೆ ಹೋಗಿದ್ದಾಗ ಆದದ್ದು, ನನಗೆ ಗೊತ್ತೇ ಇರಲಿಲ್ಲ. ಕಾಪಿಯಿಂದ ಕಾಪಿಗೆ ವಿಎಚ್‌ಎಸ್ ಮಂಕಾಗುತ್ತದೆ, ಬಣ್ಣ ಸೋರುತ್ತದೆ, ಆದರೂ ಇತ್ತು! ಎರಡು ವರ್ಷ ಬಿಟ್ಟು ಭಾವ ಮಸ್ಕತ್ತಿನ ರೂವಿಯಲ್ಲಿ ಅದನ್ನು ವಿಸಿಡಿ ಮಾಡಿಸಿದರು. ಸಾಧಾರಣ ಸಿಡಿಯ ಮೇಲೆ ಒಂದು ಗಂಟೆ ಚಿಲ್ಲರೆ ವಿಡಿಯೋ ಹಿಡಿಯುವ ವಿಸಿಡಿ ಪದ್ಧತಿ 1993ರಲ್ಲಿ ಬಂದದ್ದು. ಅಮೆರಿಕದವರು ಅದನ್ನು ಕೇಳಿದ್ದೇ ಕಡಿಮೆ, ಏಷ್ಯಾದ ಮನೆಗಳಲ್ಲಿ ಮಾತ್ರ ರಾಜ. ಊರಿಗೆ ಬಂದಾಗ ಮೂರು ಡಿಸ್ಕ್ ತಂದರು. ಹಳೆಯ ಕ್ಯಾಸೆಟ್ಟಿನ ಡಬ್ಬಿಯನ್ನೂ ತಂದರು. ಅದರ ಮೇಲಿನ ಚೀಟಿಯಲ್ಲಿ "ಗದಾಯುದ್ಧ, ದೂರದರ್ಶನ" ಅಂತ ಬರೆದದ್ದು ಅಕ್ಕನೂ ಅಲ್ಲ, ಭಾವನೂ ಅಲ್ಲ. ಅಪ್ಪನ ಅಕ್ಷರ.

ಕಾಪಿ ಮಾಡಿಸಿ ಮಗಳ ಕೈಗೆ ಕೊಟ್ಟವರು ಅವರೇ. ಅವತ್ತು ನನಗೆ ಬಯ್ಯದೆ ಇದ್ದದ್ದು ಅದು ನೆನಪಿದ್ದೋ, ಮರೆತು ನೊಂದೋ? ಕೇಳಲು ಜನ ಇಲ್ಲ.

ಆಮೇಲೆ ಡಿವಿಡಿ ಕಾಲ. ನಾನು ಟಿವಿಗೆ ಸೇರಿದೆ ಅಂತ ಭಾವ ಅಮ್ಮನಿಗೆ ಡಿವಿಡಿ ರೆಕಾರ್ಡರ್ ತಂದುಕೊಟ್ಟರು. ವಿಸಿಆರ್ ಹಾಗೆಯೇ, ಕ್ಯಾಸೆಟ್ ಬದಲು ಡಿಸ್ಕು, 4.7 ಜಿಬಿ, ಚೆನ್ನಾಗಿರುವ ಗುಣಮಟ್ಟದಲ್ಲಿ ಎರಡು ಗಂಟೆ. ಆ ವರ್ಷಗಳಲ್ಲಿ ನಮ್ಮದೇ ದೇಶದ ಮೋಸರ್ ಬೇರ್ ಕಂಪನಿಯ ಖಾಲಿ ಡಿಸ್ಕು ಅಂಗಡಿ ಅಂಗಡಿಯಲ್ಲಿ ಸಿಗುತ್ತಿತ್ತು. ಆ ಕಂಪನಿಯೂ ಈಗಿಲ್ಲ, 2018ರಲ್ಲಿ ಮುಚ್ಚುವ ಆದೇಶವಾಯಿತು. ಅಮ್ಮ ಕಳಿಸಿದ ಮೊದಲ ಐದು ಡಿಸ್ಕು ಮಸ್ಕತ್ತಿನಲ್ಲಿ ಓಡಲಿಲ್ಲ. ರೆಕಾರ್ಡ್ ಆದ ಮೇಲೆ 'ಫೈನಲೈಸ್' ಅಂತ ಒಂದು ಕೆಲಸ ಮಾಡಬೇಕು, ಇಲ್ಲದಿದ್ದರೆ ಆ ಮೆಷಿನ್ ಬಿಟ್ಟು ಬೇರೆ ಪ್ಲೇಯರ್‌ಗಳು ಅದನ್ನು ಸರಿಯಾಗಿ ಓದುವುದಿಲ್ಲ. ಅಕ್ಕನ ಮಗ ಫೋನಿನಲ್ಲಿ ಅಜ್ಜಿಗೆ ಪಾಠ ಹೇಳಿದ. ಇಂಗ್ಲಿಷ್ ಓದಲು ಬರದ ಅಮ್ಮ ಬಟನ್ ಲೆಕ್ಕ ಇಟ್ಟುಕೊಂಡರು: ಕೆಳಗೆ ಮೂರು, ಬಲಕ್ಕೆ ಒಂದು, ನಡುವಿನದ್ದು ಒತ್ತು, ನಾಲ್ಕು ನಿಮಿಷ ಮುಟ್ಟಬೇಡ.

ಇದೆಲ್ಲ ಕಾನೂನಿಗೆ ಸರಿಯಾ? ಆ್ಯಂಕರ್ ಆಗಿ ಕೇಳಲೇಬೇಕಾದ ಪ್ರಶ್ನೆ. 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸೋನಿ ಕೇಸಿನಲ್ಲಿ, ಮನೆಯಲ್ಲಿ ಆಮೇಲೆ ನೋಡಲು ರೆಕಾರ್ಡ್ ಮಾಡಿಕೊಂಡರೆ ತಪ್ಪಲ್ಲ ಅಂದಿತು. ಐದು ಜನ ಆ ಕಡೆ, ನಾಲ್ಕು ಜನ ಈ ಕಡೆ. ಒಬ್ಬ ಜಡ್ಜ್ ಮನಸ್ಸು ಬದಲಿಸಿದ್ದರೆ ಕಥೆ ಬೇರೆ. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ರೆಕಾರ್ಡ್ ಮಾಡಿದವರು ತಮ್ಮ ಖಾಸಗಿ ಬಳಕೆಗೆ ಇಟ್ಟುಕೊಂಡರೆ ಪ್ರಸಾರ ಮಾಡಿದವರ ಹಕ್ಕಿಗೆ ಧಕ್ಕೆ ಇಲ್ಲ. 'ತಮ್ಮ' ಅಂದರೆ ಯಾರು? ಅಕ್ಕ ಬರ್ತಾಳಾ? ಮುಂಬಯಿಯ ಮಾವ? ಅಕ್ಷರ ಹಿಡಿದು ಓದಿದರೆ ಮೂರನೇ ಡಿಸ್ಕಿಗೆ ಅಮ್ಮ ಗೆರೆ ದಾಟಿದ್ದಾರೆ. ಇನ್ನೊಂದು ಕಡೆ ನಮ್ಮ ರಾಜ್ಯದ ಗೂಂಡಾ ಕಾಯ್ದೆ ನೋಡಿ, ಅದರ ಉದ್ದನೆಯ ಹೆಸರಿನಲ್ಲಿ ಗೂಂಡಾಗಳ ಸಾಲಿನಲ್ಲೇ ವಿಡಿಯೋ ಪೈರೇಟ್‌ಗಳೂ ಇದ್ದಾರೆ. ಹೊಸ ಸಿನಿಮಾವನ್ನು ರಾತ್ರೋರಾತ್ರಿ ಸಾವಿರಾರು ಸಿಡಿ ಮಾಡಿ ಮಾರಿದವನಿಗೆ ಅದು ಬೇಕು, ನಾನು ಅವನ ಪರ ಅಲ್ಲ. ನಿರ್ಮಾಪಕ ಮನೆ ಮಾರಿ ಸಿನಿಮಾ ಮಾಡಿರ್ತಾನೆ. ಆದರೆ ದುಡ್ಡು ಮುಟ್ಟದೆ, ಮಗಳು ನೋಡಲಿ ಅಂತ ಒಂದು ಕಾಪಿ ಮಾಡಿದವರನ್ನೂ ಒಂದೇ ಪದದಲ್ಲಿ ಕರೆಯೋದು ಹೇಗೆ? ಪ್ರಸಾರ ಮಾಡಿದವರ ಹಕ್ಕು ಕಾಯ್ದೆಯಲ್ಲಿ 25 ವರ್ಷ. ಜೋಪಾನ ಮಾಡುವ ಹೊಣೆ 90 ದಿನ. ಹಕ್ಕಿಗೆ ಒಂದು ತಕ್ಕಡಿ, ಹೊಣೆಗೆ ಒಂದು. ಚಾನೆಲ್‌ನಲ್ಲಿ ಕೂತೇ ಇದನ್ನು ಹೇಳ್ತಿದ್ದೀನಿ.

ಡಬ್ಬದಲ್ಲಿ ಒಟ್ಟು 61 ಡಿಸ್ಕು ಇದ್ದವು. ಮನೆಯಲ್ಲಿ ರೆಕಾರ್ಡ್ ಮಾಡುವ ಡಿಸ್ಕಿನಲ್ಲಿ ಬಣ್ಣದ ಒಂದು ತೆಳು ಪದರ ಇರುತ್ತದೆ, ಲೇಸರ್ ಅದನ್ನು ಸುಟ್ಟು ಬರೆಯುತ್ತದೆ. ಶಾಖ, ಬೆಳಕು, ತೇವ ಮೂರೂ ಅದಕ್ಕೆ ಶತ್ರು. ನಮ್ಮ ಕರಾವಳಿಯಲ್ಲಿ ಮೂರಕ್ಕೂ ಬರಗಾಲವಿಲ್ಲ! ಸಿಡಿ ಆದರೆ ಇನ್ನೂ ಸೂಕ್ಷ್ಮ. ಕೆಳಗಿನ ಹೊಳೆಯುವ ಮೈ ಗೀರಿದರೆ ಉಳಿದೀತು, ಹೆಸರು ಬರೆಯುವ ಮೇಲಿನ ಮೈ ಗೀರಿದರೆ ಹೋಯಿತು, ಹೊಳೆಯುವ ಪದರ ಇರುವುದು ಅದರ ಅಡಿಯಲ್ಲೇ. ವಿಸಿಆರ್ ಅಂತೂ ರಿಪೇರಿಗೂ ಸಿಗದು. ಕೊನೆಯದಾಗಿ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು.

61ರಲ್ಲಿ 39 ಓದಿದವು. ನನ್ನ ಮೊದಲ ಬುಲೆಟಿನ್ ಓದಿತು. ಬೇರೆಯವರ ಕೋಟು, ನಡುಗುವ ಕೈ, ಎಲ್ಲ ಇದೆ. ಆ ಬುಲೆಟಿನ್‌ನಲ್ಲಿ ನಾನು ಓದಿದ ಸುದ್ದಿಗಳು ಈಗ ಯಾರ ಬಳಿಯೂ ಇಲ್ಲ. ಓದದ 22ರಲ್ಲಿ ಏನಿದೆ ಅಂತ ಮೇಲಿನ ಅಕ್ಷರದಿಂದ ಗೊತ್ತು, ನೋಡಲು ಆಗದು.

ಗದಾಯುದ್ಧದ ವಿಸಿಡಿಯನ್ನು ಕೊನೆಗೆ ಹಾಕಿದೆ. ಎರಡು ಸಲ ತಡವರಿಸಿತು. ಆಮೇಲೆ ಭಾಗವತರ ಧ್ವನಿ, ಚೆಂಡೆ, ದೂರದರ್ಶನದ ಸ್ಟುಡಿಯೋದ ನೀಲಿ ಪರದೆ. ಅಪ್ಪ ಕಂಡರು. ಈಗಿನ ನನಗಿಂತ ಸಣ್ಣ ಪ್ರಾಯ. ಅಮ್ಮ ಕನ್ನಡಕ ತಂದು ಹತ್ತಿರ ಕೂತರು. ಹದಿನೇಳನೇ ನಿಮಿಷಕ್ಕೆ, "ಇಲ್ಲಿ ನೋಡು ಮಗಾ, ಇಲ್ಲೇ ಪೆಟ್ಟು ತಪ್ಪಿದ್ದು" ಅಂದರು.

ಅದನ್ನು ಕಂಪ್ಯೂಟರಿಗೆ ಹಾಕಿ, ಪೆನ್‌ಡ್ರೈವ್‌ನಲ್ಲಿ ಮೂರು ಕಾಪಿ ಮಾಡಿದೆ. ಒಂದು ಮಸ್ಕತ್ತಿಗೆ, ಒಂದು ಮುಂಬಯಿಗೆ, ಒಂದು ನನ್ನ ಹತ್ತಿರ. ಅಮ್ಮ ಒಂದನ್ನು ಬಿಸ್ಕೆಟ್ ಡಬ್ಬಕ್ಕೂ ಕೇಳಿದರು. ನಾಲ್ಕನೆಯದು ಮಾಡಿಕೊಟ್ಟು ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೊರಟೆ. ಮರುದಿನ ಒಂಬತ್ತಕ್ಕೆ ಬುಲೆಟಿನ್ ಇತ್ತು.